ಬೇಸಿಗೆಯಲ್ಲಿ ಹರಿಯುವ ಹಳ್ಳ
(ಭಾಷಣದ ಬರಹರೂಪ)



ಬೇಸಿಗೆಯಲ್ಲೂ ಬತ್ತದ ಹಳ್ಳ ಘಟ್ಟದ ಸೀಮೆಯಲ್ಲಿ ಕಾಡಿನ ಕ್ಷೇಮಕ್ಕೆ ಸಾಕ್ಷಿ. ಏಪ್ರಿಲ್ ತಿಂಗಳಲ್ಲಿ ಒರತೆ ನಿಂತರೆ, ಮೇಲಿನ ಶೋಲೆಗೋ ಹುಲ್ಲುಗಾವಲಿಗೋ ಏನೋ ಆಗಿದೆಯೆಂದು ತೋಟದ ಆಳೂ ಹೇಳಬಲ್ಲ. ಇದೇ ಅಳತೆಗೋಲನ್ನು ಹಿಡಿದುಕೊಂಡು ರಾಯಚೂರು ಜಿಲ್ಲೆಯ ಸಿಂಧನೂರಿಗೆ ಹೋಗುವ ಪರಿಸರ ವಿಜ್ಞಾನಿ ಮೊದಲ ದಿನವೇ ಮೋಸಹೋಗುತ್ತಾನೆ. ಅಲ್ಲಿ ಸುಡುಬಿಸಿಲಿನ ಮಾರ್ಚ್ ತಿಂಗಳಲ್ಲಿ ಹಳ್ಳ ಹರಿಯುತ್ತಿರುತ್ತದೆ; ದಡದ ತುಂಬ ಆಪು, ಜೇಕು ಹಸಿರಾಗಿ ನಿಂತಿರುತ್ತವೆ. ಅದು ಆರೋಗ್ಯವಲ್ಲ, ರೋಗದ ಲಕ್ಷಣ ಎಂಬುದನ್ನು ತಿಳಿಯಲು ಒಂದು ವರ್ಷದ ದಾಖಲೆಯಾದರೂ ಬೇಕಾಗುತ್ತದೆ.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಪ್ರದೇಶವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್; ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ದೊರೆತ ಮಸ್ಕಿ ಇರುವುದು ಇಲ್ಲಿಯೇ. ಗುಡ್ಡದ ಆ ಬಂಡೆಯನ್ನು ನೋಡಲು ದೂರದಿಂದ ಬರುವವರಿದ್ದಾರೆ. ಊರಿನ ಹಳ್ಳವನ್ನು ನೋಡಲು ಯಾರೂ ಬರುವುದಿಲ್ಲ. ಎಡೆದೊರೆಯಲ್ಲಿ ಮನುಷ್ಯ ನೆಲೆನಿಂತದ್ದು ನೀರನ್ನು ಅರಸಿಯೇ ಎಂಬುದನ್ನು ನೆನೆದರೆ ಇದು ವಿಚಿತ್ರವೆನಿಸುತ್ತದೆ.

ಮಸ್ಕಿ ಹಳ್ಳ ಸ್ವಭಾವತಃ ಮಳೆಗಾಲದ ಹಳ್ಳ. ಬಂದರೆ ಒಮ್ಮೆಲೇ ಬರುತ್ತದೆ, ಉಳಿದ ತಿಂಗಳು ಮರಳಿನ ಪಾತ್ರವಾಗಿ ಮಲಗಿರುತ್ತದೆ. ಮಾರಲದಿನ್ನಿಯ ಬಳಿ ಅದಕ್ಕೆ ಜಲಾಶಯ ಕಟ್ಟಲಾಗಿದೆ. 2020ರ ಅಕ್ಟೋಬರಿನಲ್ಲಿ ಹಳ್ಳ ಉಕ್ಕಿದಾಗ, ನಡುನೀರಿನಲ್ಲಿ ಸಿಕ್ಕಿದ್ದ ವ್ಯಕ್ತಿಯೊಬ್ಬರು ರಕ್ಷಣಾ ಕಾರ್ಯದ ನಡುವೆಯೇ ಕೊಚ್ಚಿಹೋದರು. ಇಂಥ ಹಳ್ಳವನ್ನು ವರ್ಷಕ್ಕೊಂದು ಸಲ ಹೋಗಿ ಅಳೆದು ಬಂದರೆ ಏನೂ ತಿಳಿಯದು. ಒಣಗುವುದು ಇದಕ್ಕೆ ಸಹಜ. ಒಣ ಪಾತ್ರವೂ ಜೀವಂತವೇ. ಮಣ್ಣಿನೊಳಗೆ ಹೂತ ಕಪ್ಪೆ, ತೇವಕ್ಕಾಗಿ ಕಾಯುವ ಸಣ್ಣ ಜಲಜೀವಿಗಳ ಮೊಟ್ಟೆ, ಕೊನೆಯ ಮಡುವಿನಲ್ಲಿ ಒತ್ತೊತ್ತಾಗಿ ಉಳಿದ ಮೀನು, ಆ ಮೀನಿಗಾಗಿ ಬರುವ ಬೆಳ್ಳಕ್ಕಿ: ಇವೆಲ್ಲ ಒಣಗುವ ಕ್ರಮಕ್ಕೆ ಹೊಂದಿಕೊಂಡು ಬಂದವು. ಆದ್ದರಿಂದ ಕೊನೆಯ ಮಡು ಯಾವ ವಾರ ಬತ್ತಿತು ಎಂಬುದು ನೀರಿನ ಯಾವ ರಾಸಾಯನಿಕ ಅಂಕಿಗೂ ಕಡಿಮೆಯಿಲ್ಲದ ಮಾಹಿತಿ.

ಈ ಕ್ರಮವನ್ನು ತಿರುವುಮುರುವು ಮಾಡಿದ್ದು ಕಾಲುವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆಯ ಯೋಜನೆಯಲ್ಲಿ ಭತ್ತಕ್ಕೆ ಇದ್ದದ್ದು ಸಣ್ಣ ಪಾಲು. ಹೆಚ್ಚಿನ ಭೂಮಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಮೀಸಲು. ನಡೆದದ್ದು ಬೇರೆ. ಸಿಂಧನೂರು ಇಂದು ಭತ್ತದ ನಾಡು, ಅಕ್ಕಿ ಗಿರಣಿಗಳ ಪೇಟೆ. ಎರೆಮಣ್ಣಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರುತ್ತದೆ, ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೆತ್ತಿಗೆ ಬಂದ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ಎರಡು ರೋಗಗಳನ್ನು ಎರಡು ಮಾತಿನಲ್ಲಿ ಇಷ್ಟು ಚೊಕ್ಕವಾಗಿ ಹೇಳಿದ ಪಾರಿಭಾಷಿಕ ಪದ ಯಾವ ವರದಿಯಲ್ಲೂ ಇಲ್ಲ.

ಗದ್ದೆಯಿಂದ ಬಸಿದ ಈ ನೀರೇ ಬೇಸಿಗೆಯ ಹಳ್ಳ. ಅದರಲ್ಲಿ ಗೊಬ್ಬರದ ಸಾರಜನಕವಿದೆ, ಕೀಟನಾಶಕದ ಶೇಷವಿದೆ, ನೆಲದ ಉಪ್ಪಿದೆ. ಪರಿವೀಕ್ಷಣೆಯ ಕೆಲಸ ಇಲ್ಲಿ ಮುಖ್ಯವಾಗಿ ಹೋಲಿಕೆಯ ಕೆಲಸ. ಕಾಲುವೆಯ ತೂಬಿನಲ್ಲಿ, ಗದ್ದೆಯ ಕೊನೆಯ ಬದುವಿನಲ್ಲಿ, ಹಳ್ಳದಲ್ಲಿ, ಹಳ್ಳ ನದಿ ಸೇರುವಲ್ಲಿ ನೀರಿನ ವಿದ್ಯುದ್ವಾಹಕತೆಯನ್ನು ಒಂದೇ ದಿನ ಅಳೆದರೆ, ಉಪ್ಪು ಎಲ್ಲಿ ಸೇರಿತು ಎಂಬುದನ್ನು ಅಂಗೈಯಗಲದ ಒಂದು ಮಾಪಕವೇ ಹೇಳಿಬಿಡುತ್ತದೆ. ಕರಗಿದ ಆಮ್ಲಜನಕವನ್ನು ಮಾತ್ರ ನಸುಕಿನಲ್ಲಿ ಅಳೆಯಬೇಕು. ಪಾಚಿ ತುಂಬಿದ ನೀರಿನಲ್ಲಿ ಮಧ್ಯಾಹ್ನದ ಅಂಕಿ ಯಾವಾಗಲೂ ಹೊಗಳುಭಟ್ಟನ ಮಾತು. ರಾತ್ರಿಯಿಡೀ ಉಸಿರಾಡಿ ಖಾಲಿಯಾದ ನೀರಿನ ನಿಜ ಸೂರ್ಯೋದಯಕ್ಕೆ ಮುಂಚೆ ತಿಳಿಯುತ್ತದೆ. ಬಲೆಯಲ್ಲಿ ಸಿಕ್ಕ ಹುಳುಗಳೂ ಮಾತಾಡುತ್ತವೆ. ಆಮ್ಲಜನಕ ಕಡಿಮೆಯಿದ್ದಲ್ಲಿಯೂ ಬದುಕುವ ಕೆಂಪು ಹುಳುಗಳು ಹೆಚ್ಚಿ, ಉಳಿದವು ಕಾಣೆಯಾದರೆ ಅರ್ಥ ಸ್ಪಷ್ಟ. ಆದರೆ ಮಲೆನಾಡಿನ ತಣ್ಣೀರಿನ ಕಲ್ಲುನೊಣದ ಮರಿಗಳನ್ನು ಮಸ್ಕಿಯಲ್ಲಿ ಹುಡುಕಿ, ಸಿಗಲಿಲ್ಲವೆಂದು ಹಳ್ಳವನ್ನು ನಪಾಸು ಮಾಡುವುದು ಅನ್ಯಾಯ. ಬಯಲುಸೀಮೆಯ ಹಳ್ಳಕ್ಕೆ ಬಯಲುಸೀಮೆಯದೇ ಮಾದರಿ ಬೇಕು.

ಪುನಶ್ಚೇತನದ ಮಾತು ಇನ್ನೂ ಜಟಿಲ. ರೈತನಿಗೆ ಹಳ್ಳ ಬಸಿಗಾಲುವೆ. ಅದು ಕಟ್ಟಿಕೊಂಡರೆ ಮೇಲಿನ ಹೊಲ ಜವಳಾಗುತ್ತದೆ. ಆದ್ದರಿಂದ ಜೆಸಿಬಿ ತಂದು ನೇರವಾಗಿ, ಆಳವಾಗಿ ತೋಡಿಸುವುದು ಅವನಿಗೆ ಸರಿಯೆನಿಸುತ್ತದೆ. ಅವನ ಅಗತ್ಯ ಸುಳ್ಳಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದಡಿ ಕೊಳವೆ ಹಾಕಿ ಉಪ್ಪುನೀರನ್ನು ಬಸಿಯುವ ವಿಧಾನದ ಮೇಲೆ ಬಹುಕಾಲ ದುಡಿದಿದ್ದಾರೆ; ಆ ಕೊಳವೆಯ ನೀರೂ ಕೊನೆಗೆ ಯಾವುದೋ ಹಳ್ಳವನ್ನೇ ಸೇರಬೇಕು. ಹಳ್ಳವೇ ಬೇಡವೆಂದು ಯಾರೂ ಹೇಳಲಾರರು. ತೋಡುವ ರೀತಿಯನ್ನು ಕುರಿತು ಮಾತ್ರ ವಾದಿಸಲು ಸಾಧ್ಯ: ತಿರುವುಗಳನ್ನು ಉಳಿಸಿ, ನಡುವೆ ಕಿರಿದಾದ ಬೇಸಿಗೆಯ ಪಾತ್ರ ಬಿಟ್ಟು, ದಂಡೆಯನ್ನು ಇಳಿಜಾರು ಮಾಡುವುದು. ಎರೆಮಣ್ಣಿನ ಕಡಿದಾದ ದಂಡೆ ಒಂದೇ ಮಳೆಗೆ ಕುಸಿದು ಮತ್ತೆ ಹೂಳಾಗುತ್ತದೆಂಬುದು ರೈತನಿಗೂ ಗೊತ್ತು. ಬಳ್ಳಾರಿ ಜಾಲಿಯನ್ನು ಒಂದು ದಡದಲ್ಲಿ ತೆಗೆದು, ಅಲ್ಲಿ ಕರಿಜಾಲಿ, ಹೊಂಗೆ, ಲಕ್ಕಿ ಬೇರೂರಿದ ಮೇಲೆಯೇ ಇನ್ನೊಂದು ದಡಕ್ಕೆ ಕೈಹಾಕಬೇಕು. ಆ ಜಾಲಿಯೇ ಎಷ್ಟೋ ಮನೆಗಳ ಒಲೆಯ ಸೌದೆ ಎಂಬುದನ್ನು ಮರೆತು ಹೊರಡುವ ಯೋಜನೆ ಒಂದು ಬೇಸಿಗೆಯೂ ಬಾಳುವುದಿಲ್ಲ.

ಲಿಂಗಸುಗೂರಿನ ಕಡೆ ಏರಿದರೆ ಸಮಸ್ಯೆ ತಲೆಕೆಳಗು. ಅಲ್ಲಿ ನೀರೇ ಇಲ್ಲ. ಇರುವ ಕೊಳವೆಬಾವಿಗಳಲ್ಲಿ ಫ್ಲೋರೈಡ್. ಕೃಷ್ಣೆಯ ಆಚೆ ದಡದ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿ ಪ್ರದೇಶದ ಅಂತರ್ಜಲದಲ್ಲಿ, ಆರ್ಸೆನಿಕ್ ಕಂಡುಬಂದ ಮೇಲೆ ಹಟ್ಟಿಯ ಸುತ್ತಣ ನೀರನ್ನೂ ಬರೀ ಹರಿವಿನ ಲೆಕ್ಕದಲ್ಲಿ ನೋಡಿ ಬಿಡುವಂತಿಲ್ಲ. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ ಮಸ್ಕಿ ಭಾಗದ ರೈತರು 2020ರ ನವೆಂಬರಿನಿಂದ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2021ರ ಏಪ್ರಿಲ್ ಉಪಚುನಾವಣೆ ಆ ಪ್ರಶ್ನೆಯ ಸುತ್ತಲೇ ನಡೆಯಿತು. ನೀರು ಕೇಳುವವರಿಗೆ ಸಿಂಧನೂರಿನ ಸವಳನ್ನು ತೋರಿಸಿ ಬೇಡವೆನ್ನುವ ಅಧಿಕಾರ ಹೊರಗಿನವರಿಗೆ ಇಲ್ಲ. ಕಾಲುವೆ ಬರುವ ಮುನ್ನವೇ ಹಳ್ಳಗಳ ದಾಖಲೆ ಇರಬೇಕೆಂದು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ.

ಕಾನೂನಿನ ನೆರವು ಇಲ್ಲಿ ತೆಳುವಾಗಿದೆ. 2017ರ ಜೌಗುಪ್ರದೇಶ ನಿಯಮಗಳು ನದಿಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗಾಗಿ ಕಟ್ಟಿದ ಕೆರೆ, ನೀರಾವರಿಗಾಗಿ ಕಟ್ಟಿದ ರಚನೆ ಇವನ್ನೆಲ್ಲ ವ್ಯಾಖ್ಯೆಯಿಂದಲೇ ಹೊರಗಿಟ್ಟವು. ಈ ಮೂರು ತಾಲೂಕುಗಳಲ್ಲಿ ಅದರಾಚೆ ಉಳಿಯುವುದು ಬಹಳ ಕಡಿಮೆ. ಹೀಗಿದ್ದೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಮನುಷ್ಯರು ಕಟ್ಟಿದ ಕೆರೆಗಳೇ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲಾಯಿತು. ಅದರಿಂದ ಕೆಳಗೆ, ಸಿಂಧನೂರಿನ ಬಸಿನೀರು ಸೇರುವ ನದಿಗೆ ಅಂಥ ಹೆಸರಿಲ್ಲ.

ಘಟ್ಟದವರಿಗೆ ಇದು ದೂರದ ಸುದ್ದಿಯಲ್ಲ. ಕುದುರೆಮುಖದ ಗಣಿಯ ಹೂಳು ಭದ್ರೆಗೆ ಇಳಿಯುತ್ತಿದ್ದ ವರ್ಷಗಳಲ್ಲಿ ಇಲ್ಲಿ ಹೋರಾಟ ನಡೆಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆ ಹೋರಾಟದ ಬಲ ಭಾವಾವೇಶ ಮಾತ್ರವಲ್ಲ, ಮಳೆಗಾಲದ ಉದ್ದಕ್ಕೂ ಹೊಳೆಯ ಕೆಸರನ್ನು ಅಳೆದ ಅಂಕಿಗಳೂ ಹೌದು. ತುಂಗಭದ್ರಾ ಜಲಾಶಯದ 133 ಟಿ.ಎಂ.ಸಿ. ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ಆ ಕೊರತೆ ಮೊದಲು ತಟ್ಟುವುದು ಕಾಲುವೆಯ ಕೊನೆಯಂಚಿನ ಹೊಲಕ್ಕೆ.

ಸಿಂಧನೂರಿನ ಹಳ್ಳದ ದಾಖಲೆ ಪುಸ್ತಕದಲ್ಲಿ ಅತ್ಯಂತ ಬೆಲೆಯುಳ್ಳ ಪುಟಗಳು ಕಾಲುವೆ ಮುಚ್ಚಿದ ವಾರಗಳವು. ತೂಬು ನಿಂತ ಮೇಲೂ ಹಳ್ಳ ಎಷ್ಟು ದಿನ ಹರಿಯಿತು, ಹರಿವು ಇಳಿದಂತೆ ಉಪ್ಪು ಎಷ್ಟು ಏರಿತು, ಯಾವ ಮಡುವಿನಲ್ಲಿ ಮೀನು ಉಳಿಯಿತು ಎಂಬುದನ್ನು ದಿನಕ್ಕೊಮ್ಮೆ ಬರೆದಿಡಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ. ದಡದ ಊರಿನಲ್ಲಿ ವಾಸವಿರುವ ಒಬ್ಬರು, ಒಂದು ಅಳತೆಯ ಕೋಲು, ಒಂದು ಮಾಪಕ ಸಾಕು. ಮಲೆನಾಡಿನ ಶಾಲೆಯ ಮಕ್ಕಳು ತಮ್ಮ ಒರತೆಗಳ ಲೆಕ್ಕವನ್ನು ಅದೇ ವಾರಗಳಲ್ಲಿ ಬರೆದರೆ, ಒಂದೇ ನದಿಯ ಎರಡು ತುದಿಗಳ ಬೇಸಿಗೆ ಒಂದೇ ಹಾಳೆಯ ಮೇಲೆ ಬರುತ್ತದೆ.