ಕಡಲ ಪಾಚಿಯಲ್ಲಿ ಔಷಧವುಂಟೆ?

ಸಮುದ್ರತೀರದ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಪಾಚಿಯನ್ನು ಮುಟ್ಟಿದರೆ ಕೈಗೆ ಲೋಳೆ ಹತ್ತುತ್ತದೆ. ಆ ಲೋಳೆಯಲ್ಲಿ ಔಷಧವುಂಟೆ ಎಂಬ ಪ್ರಶ್ನೆಯನ್ನು ಈ ಹೊತ್ತು ತಮ್ಮ ವಿಚಾರಕ್ಕೆ ತರುತ್ತೇನೆ.

೧೯೧೩ರಲ್ಲಿ ಸ್ವೀಡನ್ನಿನ ಕೀಲಿನ್ ಎಂಬ ವಿಜ್ಞಾನಿಯು ಕಂದುಬಣ್ಣದ ಪಾಚಿಯಿಂದ ಒಂದು ದ್ರವ್ಯವನ್ನು ಬೇರ್ಪಡಿಸಿದನು. ಈಗ ಅದನ್ನು ಫ್ಯೂಕಾಯ್ಡಾನ್ ಎನ್ನುತ್ತಾರೆ. ಕೆಂಪು ಪಾಚಿಗಳಲ್ಲಿ ಅದರ ಬಂಧುವಾದ ಕ್ಯಾರಜೀನನ್ ದೊರೆಯುತ್ತದೆ. ಎರಡೂ ಸಕ್ಕರೆಯ ಘಟಕಗಳನ್ನು ಮಣಿಗಳಂತೆ ಪೋಣಿಸಿದ ಉದ್ದನೆಯ ಸರಗಳು. ಆ ಮಣಿಗಳಿಗೆ ಗಂಧಕವುಳ್ಳ ಸಲ್ಫೇಟ್ ಗುಂಪುಗಳು ಅಂಟಿಕೊಂಡಿರುತ್ತವೆ. ಸಲ್ಫೇಟಿನಲ್ಲಿ ಋಣವಿದ್ಯುತ್ತು ಇರುವುದರಿಂದ, ಧನವಿದ್ಯುತ್ತುಳ್ಳ ಪ್ರೋಟೀನುಗಳನ್ನು ಈ ಸರವು ಸೆಳೆದು ಹಿಡಿಯುತ್ತದೆ.

ಇಂತಹ ಹಿಡಿತವು ಪ್ರಾಣವನ್ನು ಉಳಿಸಬಲ್ಲುದೆಂಬುದಕ್ಕೆ ಹೆಪಾರಿನ್ ಸಾಕ್ಷಿ. ೧೯೧೬ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಇದರ ಶೋಧನೆ ಆರಂಭವಾಯಿತು. ಇದು ಕಡಲಿನದಲ್ಲ, ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುವಂಥದು. ಆದರೂ ಸಲ್ಫೇಟನ್ನು ಹೊತ್ತ ಸಕ್ಕರೆಯ ಸರವೇ. ರಕ್ತವು ಹೆಪ್ಪುಗಟ್ಟದಂತೆ ಆಸ್ಪತ್ರೆಗಳಲ್ಲಿ ನಿತ್ಯವೂ ಇದನ್ನು ಕೊಡುತ್ತಾರೆ. ಫ್ಯೂಕಾಯ್ಡಾನೂ ಗಾಜಿನ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ.

ವೈರಸ್ಸುಗಳ ವಿಷಯದಲ್ಲಿ ಆಸೆ ಇನ್ನೂ ದೊಡ್ಡದು. ನಮ್ಮ ಜೀವಕೋಶಗಳ ಮೈಮೇಲೂ ಇಂತಹ ಸರಗಳಿವೆ. ಅನೇಕ ವೈರಸ್ಸುಗಳು ಮೊದಲು ಅವನ್ನೇ ಹಿಡಿದುಕೊಳ್ಳುತ್ತವೆ. ಪಾಚಿಯ ಸರವನ್ನು ಎದುರಿಗೆ ಒಡ್ಡಿದರೆ ವೈರಸ್ಸು ಅದಕ್ಕೇ ಅಂಟಿಕೊಂಡು ಮೋಸಹೋಗಬಹುದು. ಏಡ್ಸ್ ರೋಗದ ವೈರಸ್ಸನ್ನು ಹೀಗೆ ತಡೆಯಬಹುದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದ ಮೇಲೆ, ದಕ್ಷಿಣ ಆಫ್ರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಸ್ತ್ರೀಯರು ಪರೀಕ್ಷೆಗೆ ಒಪ್ಪಿದರು. ಕೆಲವರಿಗೆ ಕ್ಯಾರಜೀನನ್ ಲೇಪವನ್ನೂ, ಉಳಿದವರಿಗೆ ಔಷಧವಿಲ್ಲದ ಲೇಪವನ್ನೂ ಕೊಟ್ಟರು. ೨೦೦೮ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೇಪದಿಂದ ಕೇಡಾಗಲಿಲ್ಲ, ರಕ್ಷಣೆಯೂ ದೊರೆಯಲಿಲ್ಲ. ಸಮಾಗಮಕಾಲದಲ್ಲೆಲ್ಲ ಹಚ್ಚಬೇಕಾಗಿದ್ದ ಅದು ಅರ್ಧಕ್ಕಿಂತ ಕಡಿಮೆ ಸಂದರ್ಭಗಳಲ್ಲಿ ಮಾತ್ರ ಬಳಕೆಯಾಗಿತ್ತು.

ನಳಿಗೆಗೂ ದೇಹಕ್ಕೂ ನಡುವೆ ಬೇರೆ ತೊಡಕುಗಳೂ ಇವೆ. ಪಾಚಿಯ ಜಾತಿಯನ್ನೂ ಋತುವನ್ನೂ ಅನುಸರಿಸಿ ಸರದ ರಚನೆ ಬದಲಾಗುತ್ತದೆ. ಆದುದರಿಂದ ಎರಡು ಸೀಸೆಗಳ ದ್ರವ್ಯವು ಒಂದೇ ಎಂದು ನಂಬುವಂತಿಲ್ಲ. ಸರವು ದೊಡ್ಡದಾದುದರಿಂದ, ನುಂಗಿದರೆ ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಸೂಜಿಯ ಮೂಲಕ ರಕ್ತಕ್ಕೇ ಸೇರಿಸಿದರೆ, ವೈರಸ್ಸನ್ನು ಹಿಡಿಯಬೇಕಾದ ಸರವು ರಕ್ತದ ಪ್ರೋಟೀನುಗಳನ್ನೂ ಹಿಡಿದು ರಕ್ತಸ್ರಾವಕ್ಕೆ ಎಡೆಗೊಡಬಹುದು.

ಇಷ್ಟರಿಂದ ಆಸೆಯನ್ನು ಬಿಡಬೇಕಾಗಿಲ್ಲ. ಆದರೆ ಫ್ಯೂಕಾಯ್ಡಾನ್ ಸರ್ವರೋಗಹರವೆಂದು ಯಾರಾದರೂ ಸಾರಿದರೆ, ಅದು ಗುಣಪಡಿಸಿದ್ದು ನಳಿಗೆಯಲ್ಲಿಯೋ ರೋಗಿಯಲ್ಲಿಯೋ ಎಂದು ತಾವು ಕೇಳಬೇಕು. ಆಫ್ರಿಕದ ಆ ಸ್ತ್ರೀಯರು ಈ ಪ್ರಶ್ನೆಗೆ ತಮ್ಮ ದೇಹವನ್ನೇ ಒಡ್ಡಿ ಉತ್ತರವನ್ನು ತಂದುಕೊಟ್ಟರು. ಉತ್ತರವು "ಇಲ್ಲ" ಎಂದಾದರೂ ಅವರ ಉಪಕಾರವು ಕಡಮೆಯಾದುದಲ್ಲ.