ಆಲ್ಪ್ಸ್ ಬೆಟ್ಟಗಳಲ್ಲಿ ನಮ್ಮ ಗಾಡಿಯ ಸಂಸಾರ



ಬ್ಯಾಂಕ್ ಗುಮಾಸ್ತರ ಸಂಬಳಕ್ಕೆ ಸ್ವಿಟ್ಜರ್ಲೆಂಡಿನ ಹೋಟೆಲುಗಳು ಎಟುಕುವಂಥವಲ್ಲ. ಆದುದರಿಂದ ನಾವು ದಂಪತಿಗಳು ಜೂರಿಚ್ ನಗರದಲ್ಲಿ ಕ್ಯಾಂಪರ್ ವ್ಯಾನೊಂದನ್ನು ಬಾಡಿಗೆಗೆ ಪಡೆದೆವು. ಹಾಸಿಗೆ, ಗ್ಯಾಸ್ ಒಲೆ, ನೀರಿನ ತೊಟ್ಟಿ ಎಲ್ಲವೂ ಗಾಡಿಯೊಳಗೇ. ಹಗಲು ಪ್ರಯಾಣ; ರಾತ್ರಿ ಗಾಡಿಗಳಿಗೆಂದೇ ಇರುವ ತಂಗುದಾಣದಲ್ಲಿ ಅನ್ನ, ಸಾರು, ನಿದ್ರೆ.

ಕೂರ್ ಪಟ್ಟಣವನ್ನು ದಾಟಿ 2,284 ಮೀಟರ್ ಎತ್ತರದ ಯೂಲಿಯರ್ ಘಾಟಿಯನ್ನು ಹತ್ತಿ ಎಂಗಡೀನ್ ಕಣಿವೆಗೆ ಇಳಿದೆವು. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಂಜಿನ್ನಿನಿಂದಲೇ ವೇಗವನ್ನು ತಡೆಯಬೇಕು. ಮುಂದೆ ಇಟಲಿಯ ಸ್ಟೆಲ್ವಿಯೋ ಘಾಟಿಯ ಒಂದೇ ಮಗ್ಗುಲಿನ 48 ತಿರುವುಗಳಲ್ಲಿ ಈ ಪಾಠವೇ ನಮ್ಮನ್ನು ಕಾಪಾಡಿತು.

ಆದರೆ ಇಂದು ಮುಖ್ಯವಾಗಿ ಹೇಳಬೇಕಾದುದು ಎಂಗಡೀನಿನ ಸಂಗತಿ. ಅಲ್ಲಿಯವರು “ಅಲೇಗ್ರ” ಎಂದು ವಂದಿಸುತ್ತಾರೆ. ಅದು ರೋಮಾಂಷ್ ಭಾಷೆ. ಅದನ್ನು ಮನೆಮಾತಾಗಿ ಆಡುವವರು ಆ ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಆದರೂ 1938ರಲ್ಲಿ ಮತದಾರರು ಅದನ್ನು ನಾಲ್ಕನೆಯ ರಾಷ್ಟ್ರಭಾಷೆಯೆಂದು ಒಪ್ಪಿದರು. ದಿನವೂ ನೋಟು ಎಣಿಸುವ ನಮ್ಮ ಕಣ್ಣು ಸ್ವಿಸ್ ನೋಟಿನ ಮೇಲೂ ಅದನ್ನು ಕಂಡಿತು. ನಮ್ಮ ರೂಪಾಯಿ ನೋಟಿನ ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡವು ನಾಲ್ಕನೆಯ ಸಾಲಿನಲ್ಲಿದೆ.

ಕೆಲಸ ಅರಸಿ ಜೂರಿಚ್ ಸೇರಿದ ರೋಮಾಂಷ್ ಕುಟುಂಬಗಳನ್ನು ಸುತ್ತಲೂ ಜರ್ಮನ್ ಆವರಿಸಿದೆ. ನಮ್ಮ ಸ್ಥಿತಿಯೂ ಅದೇ ಅಲ್ಲವೇ? ನೋಟಿನ ಮೇಲೆ ಭಾಷೆಯನ್ನು ಸರ್ಕಾರ ಅಚ್ಚು ಹಾಕಿಸೀತು. ಮಕ್ಕಳೊಡನೆ ಅದನ್ನು ಆಡಬೇಕಾದವರು ನಾವು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರನ್ನು ಕನ್ನಡದಲ್ಲೇ ಮಾತನಾಡಿಸೋಣ.