ಕಲ್ಲುಗೆಲಸವೂ ಸುಣ್ಣದ ಗಚ್ಚೂ
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ವಿಜಾಪುರದ ಗೋಲಗುಮ್ಮಟದಲ್ಲಿ ನಿಂತು ಕೂಗಿ ಪ್ರತಿಧ್ವನಿಯನ್ನು ಕೇಳದವರು ಈ ಸಭೆಯಲ್ಲಿ ವಿರಳ. ಆದರೆ ಆ ಗುಮ್ಮಟವನ್ನು ಎತ್ತಿ ಹಿಡಿದ ವಸ್ತು ಯಾವದೆಂದು ವಿಚಾರಿಸಿದವರು ಎಷ್ಟು ಜನ? ಸುಟ್ಟ ಇಟ್ಟಿಗೆ ಮತ್ತು ಸುಣ್ಣದ ಗಚ್ಚು. ಒಳಗಿನ ವ್ಯಾಸವು ಸುಮಾರು 124 ಅಡಿ, ಬುಡದ ದಪ್ಪವು ಸುಮಾರು 10 ಅಡಿ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯ ಮೇಲೆ ಅದು ಇಂದಿಗೂ ನಿಂತಿರುವದು. ಪೋರ್ಟ್‌ಲಂಡ ಸಿಮೆಂಟಿಗೆ ಇಂಗ್ಲಂಡದಲ್ಲಿ ಸನ್ನದು ದೊರೆತದ್ದು 1824ರಲ್ಲಿ!

ಹಂಪೆಯ ರೀತಿಯೇ ಬೇರೆ. ಅಲ್ಲಿ ಗ್ರಾನೈಟ ಬಂಡೆಯಲ್ಲಿ ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು ಸೀಳಿದರು. ಆ ಕುಳಿಗಳ ಗುರುತು ಈಗಲೂ ಬಂಡೆಗಳ ಅಂಚಿನಲ್ಲಿ ಕಾಣುವದು. ಕೋಟೆಗೋಡೆಯ ಮುಖದ ಕಲ್ಲುಗಳು ಗಚ್ಚಿಲ್ಲದೆ, ತಮ್ಮ ಭಾರದಿಂದಲೂ ಮೈಗೂಡಿಕೆಯಿಂದಲೂ ನಿಂತಿವೆ. ಆದರೆ ಅಲ್ಲಿಯೇ ಗೋಪುರಗಳ ಮೇಲ್ಭಾಗಕ್ಕೆ ಇಟ್ಟಿಗೆಯನ್ನೂ ಗಾರೆಯನ್ನೂ ಬಳಸಿದರು. ಎಲ್ಲಿ ಯಾವದು ಬೇಕೆಂಬ ವಿವೇಕವು ಗವಂಡಿಗಳಿಗಿದ್ದಿತು.

ಗಚ್ಚಿನ ಗುಟ್ಟನ್ನು ಸ್ವಲ್ಪ ವಿಸ್ತರಿಸುವೆನು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗುವದು. ನೀರು ಹೊಯ್ದರೆ ಅದು ಕುದಿದು ಅರಳುವದು. ಅರಳಿದ ಸುಣ್ಣವನ್ನು ಮರಳಿನೊಡನೆ ಗಾಣಕ್ಕೆ ಹಾಕಿ, ಎತ್ತು ಕಟ್ಟಿ, ಕಲ್ಲಿನ ಗಾಲಿಯಿಂದ ಬೆಣ್ಣೆಯಂತಾಗುವ ವರೆಗೆ ಅರೆಯುತ್ತಿದ್ದರು. ತೇವದ ಸ್ಥಳವಾದರೆ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಸೇರಿಸುವರು. ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸುವ ರೂಢಿಯುಂಟು. ಗೋಡೆಗೆ ಸೇರಿದ ಸುಣ್ಣವು ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮೆಲ್ಲಗೆ ಮರಳಿ ಪಡೆದು ಪುನಃ ಕಲ್ಲಾಗುವದು. ಇದಕ್ಕೆ ವರುಷಗಳೇ ಹಿಡಿಯುವವು. ಗುತ್ತಿಗೆದಾರನಿಗೆ ಅಷ್ಟು ತಾಳ್ಮೆಯೆಲ್ಲಿ?

ನಮ್ಮ ಕಡೆಯ ಒಂದು ಹಳೆಯ ಗುಡಿಯ ಮರಳುಗಲ್ಲಿನ ಗೋಡೆಗೆ ಸಂದುಸಂದಿಗೂ ಸಿಮೆಂಟು ಮೆತ್ತಿದರು. ವಂತಿಗೆಯ ಪಟ್ಟಿಯಲ್ಲಿ ನನ್ನ ಹೆಸರೂ ಇದ್ದಿತೆಂದು ಒಪ್ಪಿಕೊಳ್ಳಬೇಕು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಗಟ್ಟಿಯಾಗಿಯೇ ಉಳಿಯಿತು. ಅದರ ಅಕ್ಕಪಕ್ಕದ ಕಲ್ಲು ಪದರುಪದರಾಗಿ ಉದುರಿತು. ಕಾರಣವು ಸರಳ. ಗೋಡೆಯೊಳಗಿನ ತೇವವು ಸುಣ್ಣದ ಸಂದಿನಿಂದ ಹೊರಗೆ ಆರುವದು. ಸಿಮೆಂಟು ಆ ದಾರಿಯನ್ನು ಮುಚ್ಚಿದಾಗ ನೀರು ಕಲ್ಲಿನ ಮೈಯಿಂದಲೇ ಹೊರಬೀಳಬೇಕಾಗುವದು. ಅದರೊಡನೆ ಬಂದ ಉಪ್ಪು ಕಲ್ಲಿನಲ್ಲಿ ಹರಳುಗಟ್ಟಿ ಅದನ್ನು ಒಡೆಯುವದು. ಉದುರಿದ ಗಚ್ಚನ್ನು ಮತ್ತೆ ತುಂಬಬಹುದು, ಉದುರಿದ ಶಿಲ್ಪವನ್ನು ತುಂಬುವದು ಹೇಗೆ?

ಶಿಕ್ಷಕ ಬಂಧುಗಳೇ, ಗಾಣದ ಗಚ್ಚನ್ನು ಕೈಯಾರೆ ಅರೆದ ಮುದಿ ಗವಂಡಿಯೊಬ್ಬನು ನಿಮ್ಮ ಊರಲ್ಲಿ ಇನ್ನೂ ಇರಬಹುದು. ಅವನನ್ನು ಶಾಲೆಗೆ ಕರೆಯಿರಿ. ಸುಣ್ಣವೆಷ್ಟು, ಮರಳೆಷ್ಟು, ಎಷ್ಟು ದಿನ ನೆನೆಯಬೇಕು ಎಂಬುದನ್ನು ಹುಡುಗರಿಂದ ಬರೆಯಿಸಿರಿ. ಬರುವ ಬೇಸಗೆಯಲ್ಲಿ ನಮ್ಮ ಗುಡಿಯ ಸಿಮೆಂಟನ್ನು ಕಿತ್ತು ಸುಣ್ಣ ತುಂಬಬೇಕೆಂದಿದ್ದೇವೆ. ನಮಗೂ ಆ ಲೆಕ್ಕ ಬೇಕಾಗಿದೆ.